ಇರಿಡಿಯಂ ಹಾಕಿದ್ರೆ ಪಿಕಪ್ ಜಾಸ್ತಿ ಆಗುತ್ತಾ? ಸ್ಪಾರ್ಕ್ ಪ್ಲಗ್ ಲೋಹಗಳ ಅಸಲಿ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಹೆಬ್ಬೆರಳು ಗಾತ್ರದ ಒಂದು ಸಾಮಾನು, ಸ್ಪಾರ್ಕ್ ಪ್ಲಗ್. ಇನ್‌ಸ್ಟಾಗ್ರಾಂನಲ್ಲಿ ಕಾರ್ ರೀಲ್ಸ್ ನೋಡೋರಿಗೆ ಈ ಮಾತು ಗೊತ್ತೇ ಇರುತ್ತೆ: "ಬ್ರೋ, ಇರಿಡಿಯಂ ಹಾಕ್ಸು, ಗಾಡಿ ಹಾರುತ್ತೆ." ಅದರ ಕೆಳಗಿನ ಕಾಮೆಂಟ್‌ನಲ್ಲಿ ಇನ್ನೊಬ್ಬ ಬರೆದಿರ್ತಾನೆ: "ರೇಸ್‌ನವರು ಕಾಪರ್ ಪ್ಲಗ್ಗೇ ಹಾಕೋದು, ಇರಿಡಿಯಂ ಎಲ್ಲ ದುಡ್ಡು ದಂಡ." ಎರಡರಲ್ಲೂ ಸ್ವಲ್ಪ ನಿಜ ಇದೆ, ಸ್ವಲ್ಪ ಸುಳ್ಳಿದೆ. ಯಾವುದು ಎಷ್ಟು ಅಂತ ಇವತ್ತು ಬಿಡಿಸಿ ನೋಡೋಣ.

ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕಲ್ ಎಂಜಿನಿಯರ್ ಅಲ್ಲ, ಬಿ.ಕಾಂ. ಓದಿದವನು. ಅದಕ್ಕೇ ಈ ಸಂಚಿಕೆಯಲ್ಲಿ ಲೋಹದ ಗುಣದ ಜೊತೆಗೆ ರೂಪಾಯಿ ಲೆಕ್ಕನೂ ಬರುತ್ತೆ.

ಬೆಂಗಳೂರಿಗೆ ಇದು ಹೊಸ ವಿಷಯ ಏನಲ್ಲ

ನಿಮ್ಮ ಅಪ್ಪನ ಹತ್ರ ಸ್ಕೂಟರ್ ಇತ್ತಾ? ಕೇಳಿ ನೋಡಿ, "ಮೈಕೊ ಪ್ಲಗ್" ಅಂತಾರೆ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದ್ರೆ ಮೈಕೊ, ನಮ್ಮ ಆಡುಗೋಡಿಯಲ್ಲಿ ಡೀಸೆಲ್ ಪಂಪ್ ಜೊತೆಗೆ ಸ್ಪಾರ್ಕ್ ಪ್ಲಗ್ಗನ್ನೂ ಮಾಡ್ತಿತ್ತು. ಜರ್ಮನಿಯ ಬಾಷ್‌ನ ಕಂಪನಿ ಅದು. 2008ರಲ್ಲಿ ಹೆಸರೂ ಬಾಷ್ ಲಿಮಿಟೆಡ್ ಅಂತ ಬದಲಾಯ್ತು. ಬಿ.ಟಿ.ಎಂ. ಲೇಔಟ್ ಪಕ್ಕದ ಮೈಕೊ ಲೇಔಟ್ ಹೆಸರು ಬಂದಿದ್ದೂ ಆ ಕಂಪನಿಯಿಂದಲೇ. ಅದೇ ಬಾಷ್‌ನಲ್ಲಿ ಗಾಟ್ಲೋಬ್ ಹೊನೊಲ್ಡ್ ಅನ್ನೋ ಎಂಜಿನಿಯರ್ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದೋ ಸ್ಪಾರ್ಕ್ ಪ್ಲಗ್ ಮಾಡಿದ್ರು. ನೂರಿಪ್ಪತ್ತು ವರ್ಷ ಆದ್ರೂ ಪ್ಲಗ್ಗಿನ ಮೂಲ ಆಕಾರ ಬದಲಾಗಿಲ್ಲ. ಬದಲಾಗಿರೋದು ತುದಿಯ ಲೋಹ.

ಪ್ಲಗ್ಗಿನ ಒಳಗೆ ಏನಿದೆ?

ಮಧ್ಯದಲ್ಲಿ ಒಂದು ಕಡ್ಡಿ, ಅದು ಸೆಂಟರ್ ಎಲೆಕ್ಟ್ರೋಡ್. ಅದರ ಸುತ್ತ ಬಿಳಿ ಪಿಂಗಾಣಿ. ಅದರ ಹೊರಗೆ ಮರೆ ಇರೋ ಉಕ್ಕಿನ ಕವಚ. ಕವಚದಿಂದ ಬಾಗಿ ಬಂದು ಕಡ್ಡಿಯ ಎದುರು ನಿಲ್ಲೋ ಕೊಕ್ಕೆ, ಅದು ಗ್ರೌಂಡ್ ಎಲೆಕ್ಟ್ರೋಡ್. ಇವೆರಡರ ನಡುವಿನ ಜಾಗ ಗ್ಯಾಪ್. ಸಾವಿರಾರು ವೋಲ್ಟ್ ಆ ಗ್ಯಾಪ್ ಹಾರಿದಾಗ ಕಿಡಿ ಹುಟ್ಟುತ್ತೆ.

ಎಂಜಿನ್ 6,000 ಆರ್‌ಪಿಎಂನಲ್ಲಿ ಓಡ್ತಿದ್ರೆ ಪ್ರತಿ ಪ್ಲಗ್ ಸೆಕೆಂಡಿಗೆ 50 ಸಲ ಕಿಡಿ ಹಾರಿಸಬೇಕು. ಎದುರಿಗೆ 2,000 ಡಿಗ್ರಿ ದಾಟೋ ಬೆಂಕಿ. ಪ್ರತಿ ಕಿಡಿಯೂ ತುದಿಯಿಂದ ಕಣ್ಣಿಗೆ ಕಾಣದಷ್ಟು ಲೋಹ ಕಿತ್ಕೊಂಡು ಹೋಗುತ್ತೆ. ತುದಿ ಸವೀತಾ ಗ್ಯಾಪ್ ದೊಡ್ಡದಾಗುತ್ತೆ. ಗ್ಯಾಪ್ ದೊಡ್ಡದಾದಷ್ಟೂ ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕು. ಒಂದಿನ ಅದರ ಕೈಲಾಗಲ್ಲ, ಆಗ ಮಿಸ್‌ಫೈರ್. ಲೋಹದ ಚರ್ಚೆ ಹುಟ್ಟೋದು ಈ ಸವೆತದಿಂದ.

ಲೋಹಗಳ ಪರಿಚಯ

ಮೊದಲು ಈ "ಕಾಪರ್ ಪ್ಲಗ್" ನೋಡೋಣ. ತಾಮ್ರ ಇರೋದು ಕಡ್ಡಿಯ ಒಳಗೆ, ತಿರುಳಿನಲ್ಲಿ. ಕಿಡಿ ಹಾರೋ ತುದಿ ನಿಕ್ಕಲ್ ಮಿಶ್ರಲೋಹದ್ದು. ತಾಮ್ರ ಕರಗೋದು 1,085 ಡಿಗ್ರಿಗೆ, ಅದನ್ನ ನೇರ ಬೆಂಕಿಗೆ ಒಡ್ಡಿದ್ರೆ ಉಳಿಯಲ್ಲ. ಒಳಗೆ ಯಾಕೆ ಇಟ್ಟಿದ್ದಾರೆ ಅಂದ್ರೆ ತಾಮ್ರ ಶಾಖವನ್ನ ಬೇಗ ಸಾಗಿಸುತ್ತೆ, ತುದಿಯ ಬಿಸಿಯನ್ನ ಎಳ್ಕೊಂಡು ಹೋಗುತ್ತೆ. ಇನ್ನೊಂದು ಗುಟ್ಟು ಕೇಳಿ. ಇವತ್ತಿನ ಪ್ಲಾಟಿನಂ, ಇರಿಡಿಯಂ ಪ್ಲಗ್‌ಗಳಲ್ಲೂ ಸಾಮಾನ್ಯವಾಗಿ ಒಳಗೆ ತಾಮ್ರದ ತಿರುಳೇ ಇರುತ್ತೆ. ಹಾಗಾಗಿ "ಕಾಪರ್ ಪ್ಲಗ್" ಅಂದ್ರೆ ನಿಜವಾದ ಅರ್ಥ "ನಿಕ್ಕಲ್ ತುದಿಯ ಪ್ಲಗ್".

"ತಾಮ್ರದಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತೆ, ಅದಕ್ಕೇ ಪವರ್ ಜಾಸ್ತಿ" ಅನ್ನೋ ವಾದನೂ ಇಲ್ಲೇ ಬಿದ್ದುಹೋಗುತ್ತೆ. ಈಗಿನ ಬಹುತೇಕ ಪ್ಲಗ್‌ಗಳ ಒಳಗೆ ಬೇಕಂತಲೇ ಸುಮಾರು 5,000 ಓಮ್‌ನ ರೆಸಿಸ್ಟರ್ ಕೂರಿಸಿರ್ತಾರೆ, ರೇಡಿಯೊ ಮತ್ತು ಇಸಿಯುಗೆ ತೊಂದರೆ ಆಗದಿರಲಿ ಅಂತ. ದಾರಿಯಲ್ಲಿ ಅಷ್ಟು ದೊಡ್ಡ ತಡೆ ಇರುವಾಗ ತುದಿಯ ಲೋಹದ ಕಾಲು ಓಮ್ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ.

ಈಗ ನಿಕ್ಕಲ್. ಕರಗೋ ಉಷ್ಣತೆ 1,455 ಡಿಗ್ರಿ. ಬೇಗ ಸವೆಯುತ್ತೆ, ಅದಕ್ಕೇ ತುದಿ ದಪ್ಪ ಇರಬೇಕು, ಸುಮಾರು 2.5 ಮಿ.ಮೀ. ಬೆಲೆ ಕಡಿಮೆ.

ಪ್ಲಾಟಿನಂ 1,768 ಡಿಗ್ರಿವರೆಗೆ ತಡೆಯುತ್ತೆ. ಸವೆತ ಕಡಿಮೆ, ಹಾಗಾಗಿ ತುದಿಯನ್ನ 1 ಮಿ.ಮೀ. ಆಸುಪಾಸಿಗೆ ಇಳಿಸಬಹುದು.

ಇರಿಡಿಯಂ 2,446 ಡಿಗ್ರಿ. ತುಂಬಾ ಗಟ್ಟಿ. ತುದಿ 0.6 ಮಿ.ಮೀ., ಡೆನ್ಸೊದ ಕೆಲವು ಪ್ಲಗ್‌ಗಳಲ್ಲಿ 0.4 ಮಿ.ಮೀ. ಅಂದ್ರೆ ಪೆನ್ಸಿಲ್ ಲೆಡ್‌ನಷ್ಟು ಸಣ್ಣ. ಆದ್ರೆ ಇರಿಡಿಯಂಗೂ ಒಂದು ದೌರ್ಬಲ್ಯ ಇದೆ. ತೀರಾ ಬಿಸಿಯಲ್ಲಿ ಆಮ್ಲಜನಕದ ಜೊತೆ ಸೇರಿ ಆವಿಯಾಗಿ ಹೋಗುತ್ತೆ. ಅದನ್ನ ತಡೆಯೋಕೆ ರೋಡಿಯಂ ತರದ ಲೋಹ ಬೆರೆಸ್ತಾರೆ. ದುಬಾರಿ ಯಾಕೆ ಅಂದ್ರೆ, ಭೂಮಿಯ ಮೇಲ್ಪದರದಲ್ಲಿ ಅತಿ ವಿರಳವಾಗಿ ಸಿಗೋ ಲೋಹಗಳಲ್ಲಿ ಇದೂ ಒಂದು. ಬಹುಪಾಲು ಬರೋದು ದಕ್ಷಿಣ ಆಫ್ರಿಕಾದಿಂದ, ಅದೂ ಪ್ಲಾಟಿನಂ ಗಣಿಯ ಉಪ ಉತ್ಪನ್ನವಾಗಿ. 2021ರಲ್ಲಿ ಒಂದು ಔನ್ಸ್ ಬೆಲೆ 6,000 ಡಾಲರ್ ದಾಟಿತ್ತು.

ಸಣ್ಣ ತುದಿಯಿಂದ ಏನು ಲಾಭ? ಗುಡುಗು ಮಳೆ ಬಂದಾಗ ಸಿಡಿಲು ಹೆಚ್ಚಾಗಿ ತೆಂಗಿನ ಮರಕ್ಕೋ ಗೋಪುರದ ತುದಿಗೋ ಯಾಕೆ ಬಡಿಯುತ್ತೆ? ಚೂಪಾದ ಕಡೆ ವಿದ್ಯುತ್ ಕ್ಷೇತ್ರ ಒತ್ತಾಗುತ್ತೆ. ಪ್ಲಗ್‌ನಲ್ಲೂ ಹಾಗೇ. ತುದಿ ಸಣ್ಣ ಆದಷ್ಟೂ ಕಿಡಿ ಹಾರೋಕೆ ಬೇಕಾದ ವೋಲ್ಟೇಜ್ ಕಮ್ಮಿ. ಜೊತೆಗೆ, ಆಗಷ್ಟೇ ಹುಟ್ಟಿದ ಪುಟ್ಟ ಬೆಂಕಿಯ ಶಾಖವನ್ನ ದಪ್ಪ ಲೋಹ ಹೀರ್ಕೊಳ್ಳುತ್ತೆ, ಸಣ್ಣ ತುದಿ ಅಷ್ಟು ಹೀರ್ಕೊಳ್ಳಲ್ಲ.

ಹಾಗಾದ್ರೆ ಪವರ್ ಜಾಸ್ತಿ ಆಗುತ್ತಾ? ಹಳೇ ಪ್ಲಗ್ ಸವೆದು ಮಿಸ್‌ಫೈರ್ ಆಗ್ತಿದ್ರೆ, ಹೊಸದು ಯಾವುದು ಹಾಕಿದ್ರೂ ಕಳೆದುಹೋದ ಪಿಕಪ್ ವಾಪಸ್ ಬರುತ್ತೆ. ಹಳೇದು ಚೆನ್ನಾಗೇ ಕೆಲಸ ಮಾಡ್ತಿದ್ರೆ, ಇರಿಡಿಯಂನಿಂದ ನಿಮ್ಮ ಕಾಲಿಗೆ ಗೊತ್ತಾಗೋ ಅಂಥ ಪವರ್ ಏನೂ ಸಿಗಲ್ಲ. ಪವರ್ ಬರೋದು ಪೆಟ್ರೋಲ್ ಮತ್ತು ಗಾಳಿಯಿಂದ. ಪ್ಲಗ್ ಕೆಲಸ ಅದನ್ನ ತಪ್ಪದೆ ಹೊತ್ತಿಸೋದು ಅಷ್ಟೇ.

ಎಲ್ಲರೂ ಮರೆಯೋ ನಂಬರ್: ಹೀಟ್ ರೇಂಜ್

ನಾನಿರೋದು ಪಟ್ಟಂದೂರು ಅಗ್ರಹಾರದಲ್ಲಿ, ಐಟಿಪಿಎಲ್ ಪಕ್ಕ. ನಮ್ಮ ಪಿಜಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಹಾಸನದ ಕಡೆಯವನು. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ಟಿಎಸ್‌ಐ ತಗೊಂಡಿದ್ದಾನೆ, 1.2 ಲೀಟರ್ ಟರ್ಬೊ, ಕಂಪನಿಯಿಂದ ಬಂದಾಗ 105 ಪಿಎಸ್. ಸ್ಟೇಜ್ 1 ರೀಮ್ಯಾಪ್ ಮಾಡ್ಸಿದ. ಮಾಡಿದವರು ಹೇಳಿದ ಪ್ರಕಾರ ಸುಮಾರು 25 ಪಿಎಸ್ ಜಾಸ್ತಿ. ಜೊತೆಗೆ, "ಎರಡು ಸ್ಟೆಪ್ ಕೋಲ್ಡ್ ಇರಿಡಿಯಂ ಹಾಕ್ಬಿಡಿ ಸರ್, ಸೇಫ್" ಅಂದ್ರಂತೆ. ಹಾಕ್ಸಿದ. ಮೂರು ವಾರಕ್ಕೆ ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಗಡಗಡ ನಡುಗೋಕೆ ಶುರು, ಚೆಕ್ ಎಂಜಿನ್ ಲೈಟ್ ಬೇರೆ. ನನ್ನ ಹತ್ರ ಬಂದು, "ಅಣ್ಣಾ, ಇಷ್ಟು ದುಬಾರಿ ಪ್ಲಗ್ ಹಾಕಿದ್ರೂ ಹಿಂಗ್ಯಾಕೆ?" ಅಂದ.

ಬಿಚ್ಚಿ ನೋಡಿದ್ರೆ ನಾಲ್ಕೂ ಪ್ಲಗ್ ಕಪ್ಪು ಮಸಿ. ಲೋಹ ಇರಿಡಿಯಮ್ಮೇ, ಅದರಲ್ಲಿ ದೋಷ ಇಲ್ಲ. ತಪ್ಪಿದ್ದು ಹೀಟ್ ರೇಂಜ್.

ಹೀಟ್ ರೇಂಜ್ ಅಂದ್ರೆ ಏನು? ಸಾರಿಗೆ ಸೌಟು ಹಾಕಿ ಬಿಟ್ಟಿದ್ದೀರಿ ಅಂದ್ಕೊಳ್ಳಿ. ಹಿಡಿ ಉದ್ದ ಇದ್ರೆ ಬಿಸಿ ನಿಮ್ಮ ಕೈ ತಲುಪೋಕೆ ಹೊತ್ತು ಹಿಡಿಯುತ್ತೆ, ಗಿಡ್ಡ ಇದ್ರೆ ತಕ್ಷಣ ಸುಡುತ್ತೆ. ಪ್ಲಗ್‌ನಲ್ಲೂ ಪಿಂಗಾಣಿಯ ಮೂಗು ಉದ್ದ ಇದ್ರೆ ಶಾಖ ಕವಚದ ಮೂಲಕ ಎಂಜಿನ್ ಹೆಡ್‌ಗೆ ಹೋಗೋ ದಾರಿ ಉದ್ದ. ತುದಿ ಬಿಸಿಯಾಗೇ ಉಳಿಯುತ್ತೆ, ಅದು ಹಾಟ್ ಪ್ಲಗ್. ಮೂಗು ಗಿಡ್ಡ ಇದ್ರೆ ಶಾಖ ಬೇಗ ಹೊರಟುಹೋಗುತ್ತೆ, ಅದು ಕೋಲ್ಡ್ ಪ್ಲಗ್.

ತುದಿಗೆ ಒಂದು ಹದ ಇದೆ, ದೋಸೆ ಕಾವಲಿ ಹಾಗೆ. ಸುಮಾರು 450ರಿಂದ 500 ಡಿಗ್ರಿ ದಾಟಿದ್ರೆ ಪ್ಲಗ್ ತನ್ನ ಮೇಲೆ ಕೂತ ಮಸಿಯನ್ನ ತಾನೇ ಸುಟ್ಕೊಳ್ಳುತ್ತೆ. ಅದಕ್ಕಿಂತ ಕೆಳಗೆ ಉಳಿದ್ರೆ ಮಸಿ ಕಟ್ಟಿ, ಕರೆಂಟ್ ಗ್ಯಾಪ್ ಹಾರೋ ಬದಲು ಮಸಿಯ ಮೇಲೇ ಸೋರಿ ಹೋಗುತ್ತೆ. ನಮ್ಮ ಮೆಕ್ಯಾನಿಕ್‌ಗಳು "ಕಾರ್ಬನ್ ಹಿಡಿದಿದೆ" ಅನ್ನೋದು ಇದಕ್ಕೇ. ಮೇಲಕ್ಕೆ 850-900 ಡಿಗ್ರಿ ದಾಟಿದ್ರೆ ಇನ್ನೂ ಅಪಾಯ. ತುದಿಯೇ ಕೆಂಡವಾಗಿ, ಕಿಡಿ ಬರೋ ಮೊದಲೇ ಪೆಟ್ರೋಲ್ ಹೊತ್ಕೊಳ್ಳುತ್ತೆ. ಪಿಸ್ಟನ್ ಮೇಲಕ್ಕೆ ಬರ್ತಿರುವಾಗಲೇ ಬೆಂಕಿ ಎದುರಿಂದ ಒತ್ತುತ್ತೆ. ಪಿಸ್ಟನ್ ಅಲ್ಯೂಮಿನಿಯಂದು, ಶುದ್ಧ ಅಲ್ಯೂಮಿನಿಯಂ ಕರಗೋದೇ 660 ಡಿಗ್ರಿಗೆ. ಪಿಸ್ಟನ್ ತೂತಾದ್ರೆ ಎಂಜಿನ್ ಬಿಚ್ಚಲೇಬೇಕು. ಇಎಂಐ ಕಟ್ಟೋ ಹುಡುಗನಿಗೆ ಆ ಬಿಲ್ ತಡ್ಕೊಳ್ಳೋ ಅಂಥದ್ದಲ್ಲ.

ಈಗ ನಮ್ಮ ಏರಿಯಾ ನೋಡಿ. 2023ರ ಮಾರ್ಚ್‌ನಲ್ಲಿ ಪಟ್ಟಂದೂರು ಅಗ್ರಹಾರಕ್ಕೆ ಮೆಟ್ರೊ ಬಂದ ಮೇಲೆ ಆ ಹುಡುಗ ಆಫೀಸಿಗೆ ಮೆಟ್ರೊದಲ್ಲಿ ಹೋಗ್ತಾನೆ. ವಾರದ ದಿನ ಕಾರು ಓಡೋದು ಹೋಪ್ ಫಾರ್ಮ್‌ವರೆಗೋ ಕುಂದಲಹಳ್ಳಿವರೆಗೋ. ಎರಡು ಮೂರು ಕಿಲೋಮೀಟರ್, ಫಸ್ಟ್ ಗೇರ್, ಸೆಕೆಂಡ್ ಗೇರ್, ಸಿಗ್ನಲ್. ಎಂಜಿನ್ ಪೂರ್ತಿ ಬಿಸಿಯಾಗೋ ಮೊದಲೇ ಆಫ್. ಎರಡು ಸ್ಟೆಪ್ ಕೋಲ್ಡ್ ಪ್ಲಗ್ ಈ ಓಡಾಟದಲ್ಲಿ 450 ಡಿಗ್ರಿ ಮುಟ್ಟೋದಾದ್ರೂ ಯಾವಾಗ? ಮಿಸ್‌ಫೈರ್ ಆದ್ರೆ ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತೆ, ಅದೂ ಹಾಳಾಗುತ್ತೆ.

ಪ್ಲಗ್ ಕಂಪನಿಗಳ ಕಡೆಯಿಂದ ಒಂದು ಅಂದಾಜು ಲೆಕ್ಕ ಇದೆ: 75ರಿಂದ 100 ಎಚ್‌ಪಿ ಹೆಚ್ಚಾದ್ರೆ ಒಂದು ಸ್ಟೆಪ್ ಕೋಲ್ಡ್. ಇವನು ಹೆಚ್ಚಿಸಿದ್ದು 25. ರಸ್ತೆ ಓಡಾಟಕ್ಕೆ ಕಂಪನಿ ಕೊಟ್ಟ ಹೀಟ್ ರೇಂಜೇ ಸಾಕಿತ್ತು. ಟ್ರ್ಯಾಕ್‌ನಲ್ಲಿ ಸುತ್ತುಗಟ್ಟಲೆ ಫುಲ್ ಥ್ರಾಟಲ್ ಒತ್ತೋರಿಗೆ ಒಂದು ಸ್ಟೆಪ್ ಕೋಲ್ಡ್ ಸರಿ.

ಇಲ್ಲೊಂದು ಹುಷಾರಿನ ಮಾತು. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ನಂಬರ್ ಏರಿದಷ್ಟೂ ಕೋಲ್ಡ್: ಎನ್‌ಜಿಕೆ 7ಕ್ಕಿಂತ 8 ಕೋಲ್ಡ್. ಬಾಷ್‌ನಲ್ಲಿ ಉಲ್ಟಾ: 7ಕ್ಕಿಂತ 6 ಕೋಲ್ಡ್. ಡೆನ್ಸೊದ 22 ಅಂದ್ರೆ ಹೆಚ್ಚುಕಮ್ಮಿ ಎನ್‌ಜಿಕೆಯ 7. ಬ್ರ್ಯಾಂಡ್ ಬದಲಿಸುವಾಗ ನಂಬರ್ ಮಾತ್ರ ನೋಡಿ ತಗೊಂಡ್ರೆ, ಕೋಲ್ಡ್ ಬೇಕಿದ್ದ ಎಂಜಿನ್‌ಗೆ ಹಾಟ್ ಪ್ಲಗ್ ಹೋಗಿ ಕೂರುತ್ತೆ. ಕನ್ವರ್ಷನ್ ಚಾರ್ಟ್ ನೋಡದೆ ಕೊಳ್ಳಬೇಡಿ.

ಇನ್ನೊಂದು ಗೊಂದಲ. ಕೋಲ್ಡ್ ಪ್ಲಗ್ ಹಾಕಿದ್ರೆ ನಾಕಿಂಗ್ ನಿಲ್ಲುತ್ತೆ ಅಂದ್ಕೋಬೇಡಿ. ನಾಕಿಂಗ್ ಅಂದ್ರೆ ಕಿಡಿ ಬಂದ ಮೇಲೆ ಉಳಿದ ಪೆಟ್ರೋಲ್ ಒಮ್ಮೆಲೇ ಸಿಡಿಯೋದು. ಅದಕ್ಕೆ ಮದ್ದು ಆಕ್ಟೇನ್ ಮತ್ತು ಇಗ್ನಿಷನ್ ಟೈಮಿಂಗ್. ಕೆಟ್ಟ ಮ್ಯಾಪನ್ನ ಪ್ಲಗ್ ಸರಿಮಾಡಲ್ಲ.

ಆಮೇಲೆ ಗ್ಯಾಪ್

ಟರ್ಬೊ ಗಾಡಿಗೆ ಇದು ಮುಖ್ಯ. ಗಾಳಿ ಒತ್ತಾದಷ್ಟೂ ಕಿಡಿ ಹಾರೋದು ಕಷ್ಟ. ರೀಮ್ಯಾಪ್‌ನಲ್ಲಿ ಬೂಸ್ಟ್ ಏರಿಸಿದ್ರೆ ಸಿಲಿಂಡರ್ ಒಳಗೆ ಗಾಳಿ ಇನ್ನಷ್ಟು ದಟ್ಟ. ಮೂರನೇ ಗೇರ್‌ನಲ್ಲಿ ಫುಲ್ ಒತ್ತಿದಾಗ ಗಾಡಿ ಮುಗ್ಗರಿಸಿದ ಹಾಗಾದ್ರೆ, ಕಿಡಿ ಆರಿಹೋಗ್ತಿದೆ ಅಂತ ಮೊದಲ ಅನುಮಾನ ಪಡಿ. ಮದ್ದು ಸುಲಭ, ಗ್ಯಾಪ್ ಸ್ವಲ್ಪ ಕಿರಿದು ಮಾಡೋದು. 0.8 ಮಿ.ಮೀ. ಇದ್ದದ್ದನ್ನ ಟ್ಯೂನರ್‌ಗಳು 0.7ರ ಆಸುಪಾಸಿಗೆ ಇಳಿಸೋದು ಇದಕ್ಕೇ. ತೀರಾ ಕಿರಿದು ಮಾಡಿದ್ರೆ ಕಿಡಿ ಚಿಕ್ಕದಾಗಿ ಐಡಲ್ ಹಾಳಾಗುತ್ತೆ. ಸಣ್ಣ ತುದಿಯ ಇರಿಡಿಯಂಗೆ ಕಡಿಮೆ ವೋಲ್ಟೇಜ್ ಸಾಕಾಗೋದ್ರಿಂದ, ಇಂಥ ಎಂಜಿನ್‌ನಲ್ಲಿ ಅದರ ನಿಜವಾದ ಉಪಯೋಗ ಕಾಣೋದು ಇಲ್ಲೇ.

ಗ್ಯಾಪ್ ಸರಿಮಾಡುವಾಗ ಇರಿಡಿಯಂ ತುದಿಯನ್ನ ಮುಟ್ಟಬೇಡಿ, ಅದು ಗಟ್ಟಿ, ಆದ್ರೆ ಪಟ್ ಅಂತ ಮುರಿಯುತ್ತೆ. ನಾಣ್ಯದ ಆಕಾರದ ಗೇಜನ್ನ ನಡುವೆ ತೂರಿಸಿ ಮೀಟಬೇಡಿ. ತಂತಿ ಗೇಜ್ ಬಳಸಿ, ಕೊಕ್ಕೆಯನ್ನ ಮಾತ್ರ ಬಗ್ಗಿಸಿ.

ಈಗ ರೂಪಾಯಿ ಲೆಕ್ಕ

ಬೆಲೆ ಕಾರಿನಿಂದ ಕಾರಿಗೆ ಬದಲಾಗುತ್ತೆ, ಹಾಗಾಗಿ ಉದಾಹರಣೆಗೆ ಅಂತ ಕೆಲವು ಅಂಕಿ ಇಟ್ಕೊಳ್ಳೋಣ. ನಾಲ್ಕು ಸಿಲಿಂಡರ್ ಕಾರು. ನಿಕ್ಕಲ್ ಪ್ಲಗ್ ಒಂದಕ್ಕೆ 200 ರೂಪಾಯಿ, 20,000 ಕಿ.ಮೀ. ಬಾಳಿಕೆ. ಇರಿಡಿಯಂ ಒಂದಕ್ಕೆ 900 ರೂಪಾಯಿ, 80,000 ಕಿ.ಮೀ. ಬದಲಿಸೋ ಕೂಲಿ ಪ್ರತಿ ಸಲ 500.

80,000 ಕಿ.ಮೀ.ಗೆ ನಿಕ್ಕಲ್ ನಾಲ್ಕು ಸೆಟ್ ಬೇಕು. ಒಂದು ಸೆಟ್ 800, ಕೂಲಿ 500, ಒಟ್ಟು 1,300. ನಾಲ್ಕು ಸಲಕ್ಕೆ 5,200 ರೂಪಾಯಿ. ಇರಿಡಿಯಂ ಒಂದೇ ಸೆಟ್: 3,600 ಜೊತೆಗೆ 500, ಅಂದ್ರೆ 4,100. ದುಬಾರಿ ಪ್ಲಗ್ಗೇ ಅಗ್ಗ ಆಯ್ತು! ಕಾರು ಕಂಪನಿಗಳು ಇರಿಡಿಯಂ, ಪ್ಲಾಟಿನಂ ಹಾಕೋದಕ್ಕೆ ಈ ಬಾಳಿಕೆಯೇ ದೊಡ್ಡ ಕಾರಣ.

ಈಗ ಟ್ರ್ಯಾಕ್‌ಗೆ ಹೋಗೋನ ಕಥೆ. ಅವನು ಬಾಳಿಕೆ ಮುಗಿಯೋವರೆಗೂ ಕಾಯಲ್ಲ, 20,000 ಕಿ.ಮೀ.ಗೋ ಅದಕ್ಕೂ ಮೊದಲೋ ಬಿಚ್ಚಿ ಹೊಸದು ಹಾಕ್ತಾನೆ. ಅದೇ ಇರಿಡಿಯಂ ನಾಲ್ಕು ಸಲ ಬದಲಿಸಿದ್ರೆ 16,400 ರೂಪಾಯಿ. ಉಪಯೋಗಿಸದೇ ಇರೋ ಬಾಳಿಕೆಗೆ ದುಡ್ಡು ಕೊಟ್ಟ ಹಾಗಾಯ್ತು. "ರೇಸ್‌ನವರು ಕಾಪರ್ ಹಾಕ್ತಾರೆ" ಅನ್ನೋ ಕಾಮೆಂಟಿನ ನಿಜ ಇದು. ಅದರಲ್ಲಿ ಹೆಚ್ಚು ಪವರ್ ಇದೆ ಅಂತಲ್ಲ, ಅವರು ಪದೇ ಪದೇ ಬದಲಿಸ್ತಾರೆ, ಜೊತೆಗೆ ಬೇರೆ ಬೇರೆ ಹೀಟ್ ರೇಂಜ್ ಪ್ರಯತ್ನಿಸೋಕೆ ನಿಕ್ಕಲ್ ಅಗ್ಗ.

ಇನ್ನೊಂದು ಸೂಕ್ಷ್ಮ. ಇರಿಡಿಯಂ ಅಂತ ಬರೆದ ಎಲ್ಲ ಪ್ಲಗ್ಗೂ ದೀರ್ಘಾಯುಷಿ ಅಲ್ಲ. ಕೆಲವದರಲ್ಲಿ ಕಡ್ಡಿಯ ತುದಿ ಮಾತ್ರ ಇರಿಡಿಯಂ, ಎದುರಿನ ಕೊಕ್ಕೆ ಬರೀ ನಿಕ್ಕಲ್. ಎನ್‌ಜಿಕೆಯ ಇರಿಡಿಯಂ ಐಎಕ್ಸ್ ಈ ಜಾತಿ. ಅದರ ಲೇಸರ್ ಇರಿಡಿಯಂನಲ್ಲಿ ಕೊಕ್ಕೆಗೂ ಪ್ಲಾಟಿನಂ ಚುಕ್ಕೆ ಇರುತ್ತೆ, ಹೆಚ್ಚು ಬಾಳೋದು ಅದು. ಮೇಲಿನ 80,000ದ ಲೆಕ್ಕ ಎರಡೂ ಕಡೆ ಬೆಲೆಬಾಳೋ ಲೋಹ ಇರೋ ಪ್ಲಗ್‌ಗೆ ಮಾತ್ರ.

ಕೊಳ್ಳುವಾಗ, ಕೂರಿಸುವಾಗ

ಜೆ.ಸಿ. ರೋಡ್‌ನಲ್ಲಿ ತಗೊಳ್ಳಿ, ಆನ್‌ಲೈನ್‌ನಲ್ಲಿ ತಗೊಳ್ಳಿ, ಜಿಎಸ್‌ಟಿ ಬಿಲ್ ಕೇಳಿ ತಗೊಳ್ಳಿ. ನಕಲಿ ಇರಿಡಿಯಂ ಪ್ಲಗ್‌ಗಳ ಕಾಟ ಜಗತ್ತಿನಾದ್ಯಂತ ಇದೆ. ಅರ್ಧ ಬೆಲೆಗೆ ಸಿಕ್ರೆ ಖುಷಿಪಡೋ ಮೊದಲು ಅನುಮಾನ ಪಡಿ. ಫೋನ್ ಕ್ಯಾಮೆರಾ ಹತ್ತಿರ ಹಿಡಿದು ಜೂಮ್ ಮಾಡಿ: ತುದಿ ನೇರವಾಗಿದೆಯಾ, ನಡುಮಧ್ಯ ಇದೆಯಾ, ವೆಲ್ಡ್ ನೀಟಾಗಿದೆಯಾ, ಪಿಂಗಾಣಿ ಮೇಲಿನ ಅಕ್ಷರ ಸ್ಪಷ್ಟ ಇದೆಯಾ ನೋಡಿ.

ಕೂರಿಸೋದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬಿಸಿ ಅಲ್ಯೂಮಿನಿಯಂ ಹೆಡ್‌ನಲ್ಲಿ ಪ್ಲಗ್ ತಿರುಗಿಸಿದ್ರೆ ಮರೆ ಕಿತ್ತುಬರಬಹುದು. ಟಾರ್ಕ್ ರೆಂಚ್ ಬೇಕೇ ಬೇಕು. ಎಷ್ಟಕ್ಕೆ ಬಿಗಿ ಮಾಡ್ಬೇಕು ಅಂತ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಸಡಿಲ ಇದ್ರೆ ಶಾಖ ಹೆಡ್‌ಗೆ ಇಳಿಯಲ್ಲ, ಸರಿಯಾದ ಪ್ಲಗ್ಗೂ ಕೆಂಡ ಆಗುತ್ತೆ.

ಸಾವಿರ ಕಿಲೋಮೀಟರ್ ಆದ ಮೇಲೆ ಒಂದು ಸಲ ಬಿಚ್ಚಿ ನೋಡಿ. ತಿಳಿ ಕಂದು ಅಥವಾ ಬೂದು ಬಣ್ಣ ಇದ್ರೆ ಎಲ್ಲ ಸರಿ. ಒಣ ಕಪ್ಪು ಮಸಿ ಇದ್ರೆ ಪ್ಲಗ್ ತುಂಬಾ ಕೋಲ್ಡ್, ಇಲ್ಲಾ ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಬೆಳ್ಳಗೆ ಬೆಂದು ಗುಳ್ಳೆ ಎದ್ದಿದ್ರೆ, ಅಥವಾ ಪಿಂಗಾಣಿ ಮೇಲೆ ಹೊಳೆಯೋ ಅಲ್ಯೂಮಿನಿಯಂ ಚುಕ್ಕೆ ಕಂಡ್ರೆ ಗಾಡಿ ಓಡಿಸೋದನ್ನ ಅಲ್ಲಿಗೇ ನಿಲ್ಲಿಸಿ. ಆ ಚುಕ್ಕೆ ನಿಮ್ಮ ಪಿಸ್ಟನ್‌ದು.

ನಮ್ಮ ಪಿಜಿ ಹುಡುಗ ಈಗ ಕಂಪನಿ ಹೀಟ್ ರೇಂಜ್‌ನ ಇರಿಡಿಯಂ ಹಾಕ್ಕೊಂಡಿದ್ದಾನೆ, ಗ್ಯಾಪ್ ಅವನ ಮ್ಯಾಪ್‌ಗೆ ತಕ್ಕ ಹಾಗೆ. ಚೆನ್ನೈ ಹತ್ರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗೋ ಆಸೆ ಇದೆ. ಅದಕ್ಕೆ ಅಂತ ಒಂದು ಸ್ಟೆಪ್ ಕೋಲ್ಡ್ ನಿಕ್ಕಲ್ ಸೆಟ್ ಬೇರೆ ತೆಗೆದಿಟ್ಟಿದ್ದಾನೆ. ಹಿಂದಿನ ರಾತ್ರಿ ಅಲ್ಲಿಗೆ ತಲುಪಿ, ಬೆಳಗ್ಗೆ ತಣ್ಣನೆ ಎಂಜಿನ್‌ನಲ್ಲಿ ಬದಲಿಸೋ ಪ್ಲಾನ್.

ನೀವು ಅಂಗಡಿಗೆ ಹೋಗೋ ಮೊದಲು ಈ ಕ್ರಮ ನೆನಪಿಟ್ಕೊಳ್ಳಿ. ಮೊದಲು, ಗಾಡಿ ದಿನಾ ಎಲ್ಲಿ ಹೇಗೆ ಓಡುತ್ತೆ ಅಂತ ಬರ್ಕೊಳ್ಳಿ. ಅದಕ್ಕೆ ತಕ್ಕ ಹೀಟ್ ರೇಂಜ್. ಆಮೇಲೆ ಬೂಸ್ಟ್‌ಗೆ ತಕ್ಕ ಗ್ಯಾಪ್. ಲೋಹ ಕೊನೆಗೆ: ಬಹಳ ದಿನ ಮುಟ್ಟದೆ ಓಡಿಸೋದಾದ್ರೆ ಇರಿಡಿಯಂ, ಪದೇ ಪದೇ ಬಿಚ್ಚೋದಾದ್ರೆ ನಿಕ್ಕಲ್. ಕೌಂಟರ್‌ನಲ್ಲಿ "ಇರಿಡಿಯಂ ಇದೆಯಾ?" ಅಂತ ಶುರು ಮಾಡಬೇಡಿ. "ನನ್ನ ಗಾಡಿಗೆ ಕಂಪನಿ ಹೀಟ್ ರೇಂಜ್ ಎಷ್ಟು?" ಅಂತ ಕೇಳಿ. ಉತ್ತರ ಗೊತ್ತಿಲ್ಲದ ಅಂಗಡಿಯಲ್ಲಿ ಪ್ಲಗ್ ತಗೋಬೇಡಿ.